ಹಿಂದೆ ಕೂರುವವನ ಭುಜವನ್ನೂ ಅಳೆಯಿರಿ

ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಉತ್ತರ ಸಮುದ್ರದ ತೈಲಬಾವಿಗೆ ಹೆಲಿಕಾಪ್ಟರಿನಲ್ಲಿ ಹಾರುವುದಾದರೆ ಅಡುಗೆಯವನಾದರೂ ಸರಿ, ಭುಜ ಅಳೆಸಿಕೊಂಡಿರಬೇಕು. 22 ಇಂಚು ಮುಟ್ಟಿದರೆ, ನೀರಿಗೆ ಬಿದ್ದಾಗ ತೂರಿ ಹೊರಬರುವಷ್ಟು ದೊಡ್ಡ ಕಿಟಕಿಯ ಪಕ್ಕದ ಸೀಟೇ ಆಗಬೇಕು, ಅದಿಲ್ಲದಿದ್ದರೆ ಹಾರುವಂತಿಲ್ಲ. 2013ರ ಆಗಸ್ಟ್‌ನಲ್ಲಿ ಶೆಟ್‌ಲ್ಯಾಂಡ್ ದ್ವೀಪಗಳ ಬಳಿ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಕಡಲಿಗೆ ಬಿದ್ದು ಹದಿನೆಂಟರಲ್ಲಿ ನಾಲ್ವರು ಸತ್ತ ಮೇಲೆ ಬಂದ ನಿಯಮ ಇದು. ನಮ್ಮ ಸೈನಿಕರನ್ನು ಹೊತ್ತು ಕಡಲ ಮೇಲೆ ಹಾರುವ ಹೆಲಿಕಾಪ್ಟರಿಗೂ ಇದು ಬೇಕು.

ನಮ್ಮ ಸಮುದ್ರ ಬೆಚ್ಚಗಿದೆ, ಅಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ತಣ್ಣೀರಿನ ಚಳಿ ತಡೆಯುವ ಸೂಟು ಬೇಡ, ಒಪ್ಪಿದೆ. ಆದರೆ ಇಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲವೂ ನೆತ್ತಿಯ ಮೇಲಿರುವ ಯಂತ್ರ ಯಾವ ನೀರಿಗೆ ಬಿದ್ದರೂ ಮಗುಚಿಕೊಳ್ಳುವುದೇ ಹೆಚ್ಚು.

ಮಗುಚಿದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ ಪೈಲಟ್‌ಗಳಿಗೆ ಕೊಚ್ಚಿಯ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಗರುಡದಲ್ಲಿದೆ. ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲಿರಬೇಕು, ಯಂತ್ರ ಉರುಳುವುದು ನಿಲ್ಲುವವರೆಗೆ ಕಾಯಬೇಕು, ಕಿಟಕಿ ತಳ್ಳಿ ಅಂಚು ಹಿಡಿದ ಮೇಲಷ್ಟೇ ಬೆಲ್ಟ್ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಕಿಟಕಿ ತಳ್ಳಿದ ಬಲಕ್ಕೆ ತಾನೇ ಹಿಂದಕ್ಕೆ ಹೋಗುತ್ತಾನೆ. ಕತ್ತಲಲ್ಲಿ ನೆಲ ಯಾವುದು, ಸೂರು ಯಾವುದು ತಿಳಿಯುವುದಿಲ್ಲ. ಲೈಫ್‌ಜಾಕೆಟ್ ಒಳಗೇ ಉಬ್ಬಿಸಿದವನು ಕಿಟಕಿಯಲ್ಲಿ ತೂರಲಾರ. ಹೆಲ್ಮೆಟ್ಟಿನ ವೈರೂ ಸಿಕ್ಕಿಕೊಳ್ಳುತ್ತದೆ. ನೀರೊಳಗೆ ಉಸಿರಾಡಲು ಕೊಡುವ ಪುಟ್ಟ ಗಾಳಿ ಬಾಟಲಿ ಒಂದೆರಡು ನಿಮಿಷಕ್ಕಷ್ಟೇ, ಆಳ ಹೆಚ್ಚಿದಷ್ಟೂ ಬೇಗ ಖಾಲಿ. ಅದರ ಗಾಳಿ ಎಳೆದವನು ಉಸಿರು ಬಿಡುತ್ತಲೇ ಮೇಲೇರಬೇಕು. ಕಟ್ಟಿಹಿಡಿದರೆ ಒಂದೆರಡು ಮೀಟರ್ ಏರುವಷ್ಟರಲ್ಲೇ ಶ್ವಾಸಕೋಶ ಹರಿಯಬಹುದು. ಹಾಗಾಗಿ ಕಲಿಸದೆ ಬಾಟಲಿ ಕೊಡುವುದು ನನ್ನ ಪ್ರಕಾರ ಕೊಡದಿರುವುದಕ್ಕಿಂತ ಅಷ್ಟೇನೂ ಮೇಲಲ್ಲ.

ಗೋಳು ಪೈಲಟ್‌ಗಳ ಹಿಂಬದಿಯಲ್ಲಿ. ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿಯ ಸೊಂಟದ ಪಟ್ಟಿಯ ಕೊಕ್ಕೆ ಬೆನ್ನಿಗಿದ್ದರೆ ನೀರೊಳಗೆ ಕೈಗೆ ಸಿಗದು. ಬಿಚ್ಚುವ ಹಿಡಿ ಮುಂದೆಯೇ, ಒಂದೇ ಎಳೆತಕ್ಕೆ ಕಳಚುವಂತಿರಬೇಕು. ಯೋಧರದು ಇನ್ನೂ ಕಷ್ಟ: ಕವಚ, ಬಂದೂಕು, ಮದ್ದುಗುಂಡು. 1999ರ ಡಿಸೆಂಬರಿನಲ್ಲಿ ಸ್ಯಾನ್ ಡಿಯೇಗೊ ಬಳಿ ಅಮೆರಿಕದ ಸಿಎಚ್-46 ಸೇನಾ ಹೆಲಿಕಾಪ್ಟರಿನ ಚಕ್ರ ಹಡಗಿನ ಅಂಚಿನ ಸುರಕ್ಷತಾ ಬಲೆಗೆ ಸಿಕ್ಕಿ ಅದು ಕಡಲಿಗೆ ಬಿತ್ತು. ಹದಿನೆಂಟರಲ್ಲಿ ಏಳು ಜನ ಹೋದರು.

ನಮ್ಮ ಸೇನೆಯ ಧ್ರುವ್ ಹೆಲಿಕಾಪ್ಟರ್ ತಯಾರಾಗುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ವೈಮಾನಿಕ ವೈದ್ಯಕೀಯ ಸಂಸ್ಥೆ ಇರುವುದೂ ಅದೇ ಊರಲ್ಲಿ. ಪೂರ್ತಿ ಸಜ್ಜಾದ ಯೋಧನನ್ನು ಪ್ರತಿ ಕಿಟಕಿಯಲ್ಲೂ ತೂರಿಸಿ ನೋಡಲಿ. ತೂರದಿದ್ದರೆ ಆ ಸೀಟಿನ ಮೇಲೆ ‘ಕವಚ ಕಳಚಿ ಕೂರಬೇಕು’ ಎಂದು ಬರೆಸಲಿ.