ಮದುವೆ ಡಿವಿಡಿ ಕನ್ವರ್ಟ್ ಮಾಡುವವರಿಗೆ: ಸೈಜ್ ಆಮೇಲೆ ನೋಡಿ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವೇ ಬರುವುದಿಲ್ಲ. ಹಾಗಾಗಿ ಬೀರುವಿನಲ್ಲಿದ್ದ ಮದುವೆ, ಉಪನಯನ, ಗೃಹಪ್ರವೇಶದ ಡಿವಿಡಿಗಳನ್ನೆಲ್ಲ ಜನ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಯಾರಾದರೂ ಕೇಳಿದಾಗ ಬರುವ ಉತ್ತರ ನೋಡಿದರೆ ನನಗೆ ಸಂಕಟವಾಗುತ್ತದೆ. "4 ಜಿಬಿ ಇದ್ದದ್ದು 300 ಎಂಬಿ ಆಯ್ತು, ಸೂಪರ್" ಅಂತಾರೆ. ಆ 300 ಎಂಬಿಯಲ್ಲಿ ಅಜ್ಜಿಯ ಮುಖ ಸರಿಯಾಗಿ ಕಾಣುತ್ತದಾ ಅಂತ ಯಾರೂ ಹೇಳುವುದಿಲ್ಲ.

ನಾನು ಹೇಳುವುದು ಇಷ್ಟೇ. ಎಷ್ಟು ಕ್ವಾಲಿಟಿ ಬೇಕು ಅಂತ ನಾವು ಹೇಳಬೇಕು, ಸೈಜ್ ಎಷ್ಟಾಗುತ್ತದೋ ಆಗಲಿ. ಹಾಗೆ ಹೇಳಲು ಬಿಡದ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ.

ನಾನು ಬಳಸುವುದು ಹ್ಯಾಂಡ್‌ಬ್ರೇಕ್. 2003ರಿಂದ ಇದೆ, ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರಲ್ಲಿ ಆರ್‌ಎಫ್ ಅಂತ, ಕ್ವಾಲಿಟಿ ಎಷ್ಟಿರಬೇಕು ಅಂತ ಹೇಳುವ ಒಂದು ಸ್ಲೈಡರ್ ಇದೆ. ನಂಬರ್ ಕಡಿಮೆ ಮಾಡಿದಷ್ಟು ಕ್ವಾಲಿಟಿ ಜಾಸ್ತಿ, ಫೈಲೂ ದೊಡ್ಡದು. ಡಿವಿಡಿಗೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಇಡಿ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ಮದುವೆ ಡಿವಿಡಿಗೆ ನಾನು 19 ಇಡುತ್ತೇನೆ.

ಸೈಜ್ ಬಿಟ್ಟು ಕ್ವಾಲಿಟಿ ಹಿಡಿಯಬೇಕು ಯಾಕೆ ಅಂದರೆ, ವಿಡಿಯೊ ಚಿಕ್ಕದಾಗುವುದು ಮುಖ್ಯವಾಗಿ ಹಿಂದಿನ ಫ್ರೇಮಿಗೂ (ವಿಡಿಯೊದ ಒಂದೊಂದು ಚಿತ್ರ) ಈಗಿನದಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆದಿಡುವುದರಿಂದ. ನೆಂಟರು ಸುಮ್ನೆ ಕೂತಿರುವ ದೃಶ್ಯದಲ್ಲಿ ಬದಲಾಗುವುದೇ ಕಡಿಮೆ, ಸ್ವಲ್ಪ ಜಾಗ ಸಾಕು. ಧಾರೆಯ ಹೊತ್ತು ಹಾಗಲ್ಲ. ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತಿರುತ್ತದೆ, ಹೋಮದ ಹೊಗೆ, ಹಿಂದೆ ಮಿಣುಕುವ ಸೀರಿಯಲ್ ಸೆಟ್, ಒಂದೊಂದು ಕಾಳೂ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ, ಇನ್ನು ಜಾಗ ಉಳಿಸುವುದು ಎಲ್ಲಿಂದ? 300 ಎಂಬಿಗೆ ಕಟ್ಟಿಹಾಕಿದರೆ ಸರಿಯಾಗಿ ಅಲ್ಲೇ, ಇಡೀ ಮದುವೆಯಲ್ಲಿ ಎಲ್ಲರೂ ನೋಡಬೇಕು ಅನ್ನುವ ಜಾಗದಲ್ಲೇ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆರ್‌ಎಫ್ ಇಟ್ಟರೆ ಅಲ್ಲಿ ತಾನೇ ಜಾಸ್ತಿ ಜಾಗ ತಗೊಳ್ಳುತ್ತದೆ.

ಹಾಗಾಗಿ ಮೊದಲು ಧಾರೆಯ ಒಂದು ನಿಮಿಷ ಮಾತ್ರ ಕನ್ವರ್ಟ್ ಮಾಡಿ ಟಿವಿಯಲ್ಲಿ ನೋಡಿ. ಫೋನ್‌ನ ಚಿಕ್ಕ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ. ನಮ್ಮ ಕಡೆಯ ಹಳೆಯ ಮದುವೆ ಡಿವಿಡಿಗಳು ಹೆಚ್ಚಾಗಿ 720x576 ಪಿಕ್ಸೆಲ್‌ನ ಇಂಟರ್‌ಲೇಸ್ಡ್ ವಿಡಿಯೊ, ಅಂದರೆ ಪ್ರತಿ ಚಿತ್ರವನ್ನೂ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಎರಡು ಸಲಕ್ಕೆ ಹಿಡಿದದ್ದು. ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತದಲ್ವಾ, ಅದು ಇದರಿಂದಲೇ. ಆ ಗೆರೆ ಹೋಗಲು ಡಿಇಂಟರ್‌ಲೇಸ್ ಫಿಲ್ಟರ್ ಆನ್ ಮಾಡಿ. ಫುಲ್ ಎಚ್‌ಡಿಗೆ (1080) ಹಿಗ್ಗಿಸಬೇಡಿ, ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ, ಫೈಲ್ ಮಾತ್ರ ಊದುತ್ತದೆ.

ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ ಹೊಸದಾದ ಎಚ್.265, ಹಳೆಯ ಎಚ್.264ಕ್ಕಿಂತ ಇನ್ನೂ ಚಿಕ್ಕದು ಮಾಡುತ್ತದೆ, ನಿಜ. ಆದರೆ ಪೆನ್‌ಡ್ರೈವ್ ಹಾಕಿ ನೋಡುವ ಅತ್ತೆ ಮನೆಯ ಹಳೆಯ ಟಿವಿಯಲ್ಲಿ ಅದು ಓಡದೇ ಇರಬಹುದು. ಡಿವಿಡಿಗೆ ಎಚ್.264 ಸಾಕು. ಗ್ರಾಫಿಕ್ಸ್ ಕಾರ್ಡ್ ಬಳಸಿದರೆ ಬೇಗ ಮುಗಿಯುತ್ತದೆ, ಆದರೆ ಅದೇ ಕ್ವಾಲಿಟಿಗೆ ಫೈಲ್ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಇಟ್ಟುಕೊಳ್ಳುವ ವಿಡಿಯೊಗೆ ಅವಸರ ಯಾಕೆ, ರಾತ್ರಿ ಹಾಕಿ ಮಲಗಿ.

ಸೈಜ್ ಹಿಡಿದು ಲೆಕ್ಕ ಹಾಕಬೇಕಾದ ಸಂದರ್ಭವೂ ಇದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು 2 ಜಿಬಿ ಮಿತಿ. ಒಂದು ಗಂಟೆಯ ವಿಡಿಯೊ ಅದರೊಳಗೆ ಕೂರಬೇಕು ಅಂದರೆ ಆಡಿಯೊ ಸೇರಿ ಸೆಕೆಂಡಿಗೆ ಸುಮಾರು 4.4 ಮೆಗಾಬಿಟ್. ಸ್ವಲ್ಪ ಕಡಿಮೆಯೇ ಇಟ್ಟು ಟು ಪಾಸ್ (ಮೊದಲು ಪೂರ್ತಿ ವಿಡಿಯೊ ಅಳೆದು, ಆಮೇಲೆ ಕನ್ವರ್ಟ್ ಮಾಡುವುದು) ಮಾಡಿ. ಅದು ಕಳಿಸುವ ಪ್ರತಿ ಮಾತ್ರ, ಇಟ್ಟುಕೊಳ್ಳುವುದು ಬೇರೆ.

ಆನ್‌ಲೈನ್ ಕನ್ವರ್ಟರ್‌ಗಳಿಗೆ ಮನೆಯ ವಿಡಿಯೊ ದಯವಿಟ್ಟು ಅಪ್‌ಲೋಡ್ ಮಾಡಬೇಡಿ. ಮನೆಯ ಹೆಣ್ಣುಮಕ್ಕಳು, ಮಕ್ಕಳು ಎಲ್ಲರೂ ಇರುವ ವಿಡಿಯೊ ಅದು, ಯಾರ ಸರ್ವರ್‌ಗೆ ಹೋಯಿತು ಅಂತ ಆಮೇಲೆ ಹುಡುಕಲು ಆಗುವುದಿಲ್ಲ.

ಕನ್ವರ್ಟ್ ಆದಮೇಲೂ ಡಿವಿಡಿಯಲ್ಲಿ ಮೂಲ ವಿಡಿಯೊ ಇರುವ ವಿಡಿಯೊ ಟಿಎಸ್ (VIDEO_TS) ಫೋಲ್ಡರನ್ನು ಹಾಗೇ ಕಾಪಿ ಮಾಡಿಟ್ಟುಕೊಳ್ಳಿ. ಮಾಮೂಲಿ ಡಿವಿಡಿ ಪೂರ್ತಿ ತುಂಬಿದರೂ 4.7 ಜಿಬಿ, 1 ಟಿಬಿ ಡಿಸ್ಕಿನಲ್ಲಿ ಅಂಥವು ಸುಮಾರು 200 ಹಿಡಿಯುತ್ತವೆ.