ರೋಬಾಟ್‌ಗಳ ಪರವಾಗಿ ಭಾವನ ವಕಾಲತ್ತು

ನಿನ್ನೆ ರಾತ್ರಿ ಊಟಕ್ಕೆ ಮೊದಲು ಟೀವಿಯಲ್ಲಿ ಹಾಕಿದ ಒಂದೇ ಒಂದು ಕಂತು ಅಮ್ಮ ಹಾಲಿಗೆ ಹೆಪ್ಪು ಹಾಕಿ ಅಡುಗೆಮನೆಯ ದೀಪ ಆರಿಸುವ ಹೊತ್ತಿಗೂ ಮುಗಿಯಲಿಲ್ಲ. ವಿದ್ಯುತ್ ಹೋಗಿರಲಿಲ್ಲ, ಇಂಟರ್‌ನೆಟ್ ಕೈಕೊಟ್ಟಿರಲಿಲ್ಲ. ರಿಮೋಟು ಭಾವನ ಕೈಯಲ್ಲಿತ್ತು, ಅಷ್ಟೇ. ವಾರವಿಡೀ ದುಡಿದು ಶನಿವಾರ ರಾತ್ರಿ ಕಾಲು ಚಾಚಿ ಕುಳಿತವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದೆ ಎಂಬುದನ್ನು, ಮನೆಯಲ್ಲಿ ಒಂದೇ ಟೀವಿ ಇರುವ ಯಾರಿಗೂ ನಾನು ವಿವರಿಸಬೇಕಾಗಿಲ್ಲ.

ನಾವು ನೋಡುತ್ತಿದ್ದುದು 'ಸ್ಕಾರ್ಪಿಯನ್' ಎಂಬ ಅಮೆರಿಕದ ಧಾರಾವಾಹಿ. 2014ರಿಂದ 2018ರವರೆಗೆ ಸಿಬಿಎಸ್ ವಾಹಿನಿಯಲ್ಲಿ ನಾಲ್ಕು ಸೀಸನ್ ಓಡಿದ ಇದರ ನಾಯಕ ವಾಲ್ಟರ್ ಒಬ್ರಯನ್ ತನ್ನ ಐಕ್ಯೂ 197 ಎಂದು ಹೇಳಿಕೊಳ್ಳುವವನು. ಲಾಸ್ ಏಂಜಲೀಸ್‌ನ ಒಂದು ಗ್ಯಾರೇಜಿನಲ್ಲಿ ಅವನೂ ಅವನಂಥ ಇನ್ನೂ ಮೂವರು ಮೇಧಾವಿಗಳೂ ಸೇರಿಕೊಂಡು, ಸರಕಾರದ ಕೈಲಾಗದ ಗಂಡಾಂತರಗಳನ್ನು ಗಡಿಯಾರದ ಮುಳ್ಳಿನೊಂದಿಗೆ ಓಡುತ್ತ ಬಗೆಹರಿಸುತ್ತಾರೆ. ಮೊದಲ ಕಂತಿನಲ್ಲಿಯೇ ರನ್‌ವೇ ಮೇಲೆ ತಗ್ಗಿ ಹಾರುವ ವಿಮಾನದಿಂದ ಕೇಬಲ್ ಇಳಿಬಿಟ್ಟು, ಕೆಳಗೆ ಅದೇ ವೇಗದಲ್ಲಿ ಓಡುವ ಫೆರಾರಿಯಲ್ಲಿ ಕುಳಿತು ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ಆ ದೃಶ್ಯವನ್ನು ಭಾವ ಚಕಾರವೆತ್ತದೆ ನೋಡಿದ್ದರು. ವಿಮಾನ ಅವರ ವಿಭಾಗವಲ್ಲ.

ರೋಬಾಟ್ ಮಾತ್ರ ಅವರದೇ ವಿಭಾಗ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ರೋಬಾಟ್‌ಗಳ ಉಸ್ತುವಾರಿ ಭಾವನದು. ನಿನ್ನೆಯ ಕಂತಿನಲ್ಲಿ ನಮ್ಮ ಮೇಧಾವಿಗಳು ಎದುರಿಸಬೇಕಾಗಿದ್ದುದು ಹತೋಟಿ ತಪ್ಪಿದ ರೋಬಾಟ್‌ಗಳನ್ನು ಎಂಬುದು ಮೊದಲೇ ಗೊತ್ತಿದ್ದರೆ ನಾನು ಬೇರೆ ಯಾವುದಾದರೂ ಕಂತನ್ನು ಹಾಕುತ್ತಿದ್ದೆ.

ಮೊದಲ ರೋಬಾಟ್ ತಿರುಗಿಬಿದ್ದ ತಕ್ಷಣ ಭಾವ ಪಾಸ್ ಒತ್ತಿದರು. ಪರದೆಯ ಮೇಲೆ ಯಂತ್ರ ಮುನ್ನುಗ್ಗುವ ಭಂಗಿಯಲ್ಲಿಯೂ ಮೇಧಾವಿಯೊಬ್ಬ ಬಾಯಿ ತೆರೆದ ಭಂಗಿಯಲ್ಲಿಯೂ ನಿಂತುಬಿಟ್ಟರು. “ಕೆಂಪು ಗುಂಡಿ ಎಲ್ಲಿ?” ಎಂದು ಭಾವ ಕೇಳಿದರು. ಪ್ರಶ್ನೆ ನನಗೋ ಧಾರಾವಾಹಿಯ ನಿರ್ದೇಶಕನಿಗೋ ತಿಳಿಯದೆ ನಾನು ಸುಮ್ಮನಿದ್ದೆ. ಯಾವ ಕಾರ್ಖಾನೆಯ ರೋಬಾಟಿಗಾದರೂ ಹಳದಿ ಹಿನ್ನೆಲೆಯ ಮೇಲೆ ಅಣಬೆಯಾಕಾರದ ಕೆಂಪು ಗುಂಡಿಯೊಂದು ಇದ್ದೇ ಇರುತ್ತದೆಂದೂ, ಅದನ್ನು ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತದೆಂದೂ, ಮತ್ತೆ ತಿರುಗಿಸಿ ಬಿಡಿಸಿ, ರೀಸೆಟ್ ಮಾಡಿ, ಬೇರೆಯಾಗಿ ಸ್ಟಾರ್ಟ್ ಕೊಡುವ ತನಕ ಯಂತ್ರ ಮಿಸುಕುವುದಿಲ್ಲವೆಂದೂ ಅವರು ವಿವರಿಸಿದರು. ಸುತ್ತಲೂ ಬೇಲಿ ಇರುತ್ತದೆ, ಬೇಲಿಯ ಬಾಗಿಲು ತೆರೆದರೂ ಸಾಕು, ಯಂತ್ರ ನಿಲ್ಲುತ್ತದೆ. “ಐಕ್ಯೂ 197 ಅಂತೆ, ಒಬ್ಬನಾದರೂ ಗುಂಡಿ ಹುಡುಕಿದನೇ?”

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೈಹಾಕುತ್ತಿರಲಿಲ್ಲ. ರೋಬಾಟಿಗೆ ಕೆಲಸ ಕಲಿಸುವಾಗ ಕೈಯಲ್ಲಿ ಹಿಡಿದುಕೊಳ್ಳುವ ಪೆಂಡೆಂಟ್ ಎಂಬ ಸಾಧನವೊಂದಿದೆಯಂತೆ. ಅದರ ಹಿಂಬದಿಯ ಸ್ವಿಚ್ಚನ್ನು ಹದವಾಗಿ ಒತ್ತಿ ಹಿಡಿದಿದ್ದರೆ ಮಾತ್ರ ರೋಬಾಟ್ ಚಲಿಸುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಹಿಂಡಿದರೂ ನಿಲ್ಲುತ್ತದೆ. ಹೆದರಿದ ಮನುಷ್ಯ ಹಿಡಿದುದನ್ನು ಬಿಟ್ಟೂ ಬಿಡಬಹುದು, ಇನ್ನಷ್ಟು ಬಿಗಿಯಾಗಿ ಹಿಂಡಲೂಬಹುದು ಎಂದು ಮುಂಚೆಯೇ ಯೋಚಿಸಿ ಮಾಡಿದ ಏರ್ಪಾಡು ಅದು. ಕೇಳಲು ಸೊಗಸಾಗಿಯೇ ಇತ್ತು. ಆದರೆ ಭಾವ ಅದನ್ನು ರಿಮೋಟಿನಲ್ಲಿ ಮಾಡಿ ತೋರಿಸತೊಡಗಿದರು.

“ನೋಡಪ್ಪ, ಹೀಗೆ ಒತ್ತಿದರೆ ಚಲಿಸುತ್ತದೆ” ಎಂದು ಹೆಬ್ಬೆರಳನ್ನು ಒತ್ತಿದರು. ಕಂತು ಓಡಿತು, ಯಂತ್ರ ಅರ್ಧ ಹೆಜ್ಜೆ ಮುಂದೆ ಬಂದಿತು, ಮೇಧಾವಿ “ನೋ” ಎಂಬುದರ ಮೊದಲರ್ಧವನ್ನು ಉಚ್ಚರಿಸಿದನು. “ಬಿಟ್ಟರೆ ನಿಲ್ಲುತ್ತದೆ” ಎಂದು ಮತ್ತೆ ಒತ್ತಿದರು. ಎಲ್ಲರೂ ನಿಂತರು. ನನಗೆ ಅರ್ಥವಾಗಿಲ್ಲವೆಂದು ಅವರಿಗೆ ಹೇಗೋ ಖಾತ್ರಿಯಾಗಿ ಅದನ್ನೇ ಮತ್ತೆ ಮತ್ತೆ ತೋರಿಸಿದರು; ಮೇಧಾವಿಯ ಸಾವು ಅವನ ಕಡೆಗೆ ಅಂಗುಲ ಅಂಗುಲವಾಗಿ ಬರುತ್ತಿತ್ತು. ನಡುವೆ ವಿವರಣೆ ಉದ್ದವಾದಾಗ ಟೀವಿಗೇ ಬೇಸರ ಬಂದು ಅದು ಹಿಮಪರ್ವತ, ಸರೋವರಗಳ ಚಿತ್ರಗಳನ್ನು ತೋರಿಸತೊಡಗಿತು. ಜಪಸರ ಹಿಡಿದು ಹೊರಬಂದ ಅಮ್ಮ, “ಎಲ್ಲರೂ ಪ್ರವಾಸ ಹೊರಟರೇ?” ಎಂದು ಕೇಳಿ, ಭಾವ ಗುಂಡಿಯೊತ್ತಿ ಹಳೆಯ ದೃಶ್ಯವನ್ನೇ ಮರಳಿ ತಂದಾಗ, “ಆ ಹುಡುಗ ಆಗಿನಿಂದ ಬಾಯಿ ತೆರೆದುಕೊಂಡೇ ನಿಂತಿದ್ದಾನೆ, ಅಳಿಯಂದಿರೇ, ಮೊದಲು ಅವನನ್ನು ಒಂದು ದಡ ಸೇರಿಸಿಬಿಡಿ” ಎಂದರು.

ಆಗ ಬಂದಿತು ಮೂರನೆಯ ಸ್ಥಿತಿ. “ಗಾಬರಿಯಾದರೆ ಹೀಗೆ!” ಎಂದು ಭಾವ ಇಡೀ ರಿಮೋಟನ್ನು ಮುಷ್ಟಿಯಲ್ಲಿ ಹಿಂಡಿದರು. ಧ್ವನಿ ನೂರಕ್ಕೇರಿತು, ಯಂತ್ರ ಇಡೀ ಬೀದಿಗೆ ಕೇಳುವಂತೆ ಅಬ್ಬರಿಸಿತು, ಯಾವುದೋ ಪರಿಚಯವಿಲ್ಲದ ಲಿಪಿಯ ಅಡಿಬರಹ ಪರದೆಯ ಕೆಳಗೆ ಸಾಲುಗಟ್ಟಿತು, ಪಕ್ಕದ ಮನೆಯ ನಾಯಿ ಬೊಗಳಿತು, ಕೊನೆಗೆ ಕಂತೇ ಮಾಯವಾಗಿ ಯಾವುದೋ ಅಡುಗೆ ಸ್ಪರ್ಧೆಯ ಜಾಹೀರಾತು ಬಂದು ಕುಳಿತಿತು. ಹತೋಟಿ ತಪ್ಪಿದ ಯಂತ್ರವೊಂದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಅದಕ್ಕೆ ಕೆಂಪು ಗುಂಡಿ ಇರಲಿಲ್ಲ. “ರೀ, ಅವನ ಪಾಡಿಗೆ ಅವನು ನೋಡಲಿ ಬಿಡಿ” ಎಂದು ಅಕ್ಕ ಒಳಗಿನಿಂದ ಕೂಗಿದಳು. ಮದುವೆಯಾದಂದಿನಿಂದ ಅವಳು ಯಾವುದನ್ನೂ ಪೂರ್ತಿ ನೋಡಿಲ್ಲ. ಹಾಗಾಗಿ ಅಡುಗೆಮನೆಯಿಂದ ಹೊರಗೇ ಬಂದಿರಲಿಲ್ಲ.

ಆ ಧಾರಾವಾಹಿಯ ಮೇಧಾವಿಗಳಿಗೆ ಲೋಕದ ಜನರೊಂದಿಗೆ ಬೆರೆಯಲು ಬಾರದೆಂದು, ಹೋಟೆಲಿನಲ್ಲಿ ಬಡಿಸುತ್ತಿದ್ದ ಪೇಜ್ ಎಂಬ ಹೆಣ್ಣುಮಗಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಎದುರಿಗಿರುವವನ ಮುಖ ನೋಡಿ ಯಾವಾಗ ಮಾತು ನಿಲ್ಲಿಸಬೇಕೆಂದು ಅವರಿಗೆ ತಿಳಿಸಿಕೊಡುವುದು ಅವಳ ಉದ್ಯೋಗ. ಶನಿವಾರಗಳ ಮಟ್ಟಿಗೆ ನಮ್ಮ ಮನೆಗೂ ಅಂಥವಳೊಬ್ಬಳು ಸಿಗುತ್ತಾಳೆಯೇ ಎಂದು ನಾನು ಯೋಚಿಸುತ್ತಿರುವಾಗಲೇ ಭಾವ ಮೊಬೈಲ್ ತೆಗೆದು ನಿಜವಾದ ರೋಬಾಟ್‌ಗಳನ್ನು ತೋರಿಸಲು ಶುರುಮಾಡಿದರು.

ಈ ಧಾರಾವಾಹಿ ಓಡುತ್ತಿದ್ದ ಕಾಲದಲ್ಲಿಯೇ, 2015ರ ಜೂನ್‌ನಲ್ಲಿ, ಅದೇ ಲಾಸ್ ಏಂಜಲೀಸ್ ಕೌಂಟಿಯ ಪೊಮೋನಾದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ನಡೆಸಿತ್ತು. 2011ರ ಫುಕುಶಿಮಾ ಅಣು ದುರಂತದಂಥ ಕಡೆ ಮನುಷ್ಯನ ಬದಲು ನುಗ್ಗಬಲ್ಲ ರೋಬಾಟ್ ಬೇಕಾಗಿತ್ತು. ವಾಹನ ನಡೆಸುವುದು, ಇಳಿಯುವುದು, ಬಾಗಿಲು ತೆರೆಯುವುದು, ಮೆಟ್ಟಿಲು ಹತ್ತುವುದು ಎಂಬಂಥ ಎಂಟು ಕೆಲಸಗಳು, ಒಂದು ಗಂಟೆಯ ಅವಧಿ. ದಕ್ಷಿಣ ಕೊರಿಯಾದ ಕೈಸ್ಟ್ ತಂಡದ ರೋಬಾಟ್ ಎಂಟನ್ನೂ ಮುಕ್ಕಾಲು ಗಂಟೆಯೊಳಗೆ ಮುಗಿಸಿ 20 ಲಕ್ಷ ಡಾಲರ್ ಗೆದ್ದಿತು. ಆದರೆ ಜಗತ್ತು ಆನಂದದಿಂದ ನೋಡಿದ್ದು ಉಳಿದವುಗಳ ದೃಶ್ಯಗಳನ್ನು. ಒಂದು ವಾಹನದಿಂದ ಇಳಿಯಲು ಹೋಗಿ ಮುಗ್ಗರಿಸಿತು. ಇನ್ನೊಂದು ಬಾಗಿಲ ಹಿಡಿಯತ್ತ ಕೈಚಾಚಿ, ಹಿಡಿ ಸಿಗದೆ, ನಿದ್ದೆ ಹತ್ತಿದ ಮಗುವನ್ನು ಎತ್ತಿ ನಿಲ್ಲಿಸಿದಂತೆ ಮೆಲ್ಲಗೆ ತೂಗಾಡಿ ಕುಸಿಯಿತು. ನಿಜವಾದ ಮೇಧಾವಿಗಳು ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಯಂತ್ರಗಳವು. “ಬಾಗಿಲು ತೆರೆಯಲಾರದ್ದು ಲೋಕವನ್ನು ಹಾಳುಮಾಡುತ್ತದೆಯಂತೆ” ಎಂದು ಭಾವ ಹೇಳಿದಾಗ ನಗಲು ಹೊರಟವನು ಅವರ ಮುಖ ನೋಡಿ ಸುಮ್ಮನಾದೆ. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಭಾವ ಮೊದಲಿಗೆ ವೆಲ್ಡರ್ ಆಗಿದ್ದವರು. ಅವರ ಲೈನಿಗೆ ಮೊದಲ ರೋಬಾಟ್ ಬಂದಾಗ ವೆಲ್ಡಿಂಗ್ ಟಾರ್ಚನ್ನು ಯಾವ ಕೋನದಲ್ಲಿ ಹಿಡಿಯಬೇಕು, ಎಲ್ಲಿ ಸ್ವಲ್ಪ ನಿಧಾನಿಸಬೇಕು ಎಂಬುದನ್ನೆಲ್ಲ ಬಿಂದು ಬಿಂದುವಾಗಿ ಅದಕ್ಕೆ ಕಲಿಸಿದವರು ಅವರೇ. ಕಲಿಸುವಾಗ ಅದು ಸೆಕೆಂಡಿಗೆ 250 ಮಿಲಿಮೀಟರ್‌ಗಿಂತ ವೇಗವಾಗಿ ಚಲಿಸುವಂತಿಲ್ಲ. ಕಲಿತ ಮೇಲೆ ಜೊತೆಗಿದ್ದ ವೆಲ್ಡರ್‌ಗಳನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿದರು. ಆಯುಧಪೂಜೆಯ ದಿನ ಅದರ ಮೊಣಕೈಗೆ ಚೆಂಡುಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುವವರೂ ಭಾವನೇ. “ಅದು ಕೈ ತಿರುಗಿಸುವ ರೀತಿ ನನ್ನದೇ” ಎಂದು ನಿನ್ನೆ ಮೊದಲ ಬಾರಿಗೆ ಹೇಳಿದರು. 1979ರಲ್ಲಿ ಮಿಷಿಗನ್‌ನ ಫ್ಲ್ಯಾಟ್ ರಾಕ್‌ನ ಕಾರ್ಖಾನೆಯಲ್ಲಿ ರೋಬಾಟ್ ಬಡಿದು ಕಾರ್ಮಿಕನೊಬ್ಬ ಸತ್ತ ಸಂಗತಿಯನ್ನೂ ಹೇಳಿದರು. ಅದು ತಿರುಗಿಬಿದ್ದಿರಲಿಲ್ಲ, ಅದಕ್ಕೆ ಸಿಟ್ಟೂ ಬಂದಿರಲಿಲ್ಲ. ಅಲ್ಲಿ ಮನುಷ್ಯನೊಬ್ಬ ಇದ್ದಾನೆಂಬುದೇ ಅದಕ್ಕೆ ತಿಳಿದಿರಲಿಲ್ಲ. ಈ ಮಾತನ್ನು ಹೇಳುವಾಗ ಮಾತ್ರ ಅವರು ರಿಮೋಟನ್ನು ಕೆಳಗಿಟ್ಟಿದ್ದರು.

ನಾನು ಮೆಲ್ಲನೆ ಅದನ್ನು ಎತ್ತಿಕೊಳ್ಳಬಹುದಾಗಿತ್ತು. ಅಷ್ಟು ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಮೇಧಾವಿಗಳು ಹೇಗೂ ಗೆದ್ದಿರುತ್ತಾರೆ. ಹೇಗೆ ಗೆದ್ದರು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಮುಂದಿನ ಶನಿವಾರಕ್ಕೆ ಯಂತ್ರಗಳ ಸುಳಿವೇ ಇಲ್ಲದ, ಆಫ್ರಿಕಾದ ಕಾಡೆಮ್ಮೆಗಳ ವಲಸೆಯ ಸಾಕ್ಷ್ಯಚಿತ್ರವೊಂದನ್ನು ಆರಿಸಿಟ್ಟು, ಬೆಳಿಗ್ಗೆಯೇ ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾವ ಪಿಯುಸಿ ಮುಗಿಯುವವರೆಗೂ ಊರಿನಲ್ಲಿ ಎಮ್ಮೆ ಮೇಯಿಸುತ್ತಿದ್ದರು ಎಂದಳು.