ಕಾಮಾ ಓರೆ, ಆವರಣ ನೆಟ್ಟಗೆ

ವಿಶ್ವವಿದ್ಯಾಲಯವೊಂದರ ಗೇಟಿನೆದುರು ನನ್ನದೊಂದು ಡಿಟಿಪಿ ಅಂಗಡಿ. ಹೋದ ವರ್ಷ, ಸೋಬಾನೆ ಪದಗಳ ಮೇಲೆ ಐದು ವರ್ಷ ಮಣ್ಣು ಹೊತ್ತ ಹೆಣ್ಣುಮಗಳೊಬ್ಬಳು ನಾಲ್ಕನೇ ಸಲ ಥೀಸಿಸ್ ಹಿಡಿದು ಬಂದಳು. ಮುಖ ಬಾಡಿತ್ತು.

"ಅಣ್ಣಾ, ಗೈಡ್ ವಾಪಸ್ ಕಳಿಸಿದಾರೆ."

"ಈ ಸಲ ಏನಂತೆ?"

"ಕಾಮಾ ನೆಟ್ಟಗಿದೆಯಂತೆ."

ನಗಬೇಡಿ, ನಿಯಮ ಇದೆ. ಗ್ರಂಥಋಣದಲ್ಲಿ ಲೇಖನವೊಂದನ್ನು ನಮೂದಿಸುವಾಗ ಪತ್ರಿಕೆಯ ಹೆಸರು ಓರೆ, ಅಂದರೆ ಇಟಾಲಿಕ್ಸ್, ಸಂಪುಟದ ಸಂಖ್ಯೆ ಓರೆ, ನಡುವೆ ಸಿಕ್ಕಿಬಿದ್ದ ಕಾಮಾವೂ ಓರೆ. ಸಂಚಿಕೆಯ ಸಂಖ್ಯೆ ಮಾತ್ರ ಆವರಣದೊಳಗೆ ಹವಾಲ್ದಾರನಂತೆ ನೆಟ್ಟಗೆ. ಹೀಗೆಂದವರು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದವರು. ಪ್ರಬಂಧ ಬರೆಯುವ ಕ್ರಮ ಹೇಳುವ ಅವರ ಎಪಿಎ ಕೈಪಿಡಿಯ ಏಳನೇ ಆವೃತ್ತಿ 2019ರಲ್ಲಿ ಬಂತು. ಮಂಡ್ಯದ ಅಜ್ಜಿ ಹಾಡಿದ ಸೋಬಾನೆಗೆ ಅಲ್ಲಿನ ಮನಶ್ಶಾಸ್ತ್ರಜ್ಞರ ಅಪ್ಪಣೆ ಯಾಕೆ ಅಂತ ಕೇಳಿದರೆ ಇಲ್ಲಿನ ಗೈಡಿನ ಮನಸ್ಸು ಕೆಡುತ್ತದೆ.

ಓರೆ ಅಕ್ಷರ ಹುಟ್ಟಿದ್ದು ವೆನಿಸ್‌ನಲ್ಲಿ. ಆಲ್ಡಸ್ ಮನುಷಿಯಸ್ ಎಂಬ ಮುದ್ರಕ ಅಲ್ಲಿನ ಕೈಬರಹದ ಬಳುಕನ್ನೇ ಅಚ್ಚಿಗಿಳಿಸಿ, 1501ರಲ್ಲಿ ರೋಮನ್ ಕವಿ ವರ್ಜಿಲ್‌ನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಷ್ಟು ಚಿಕ್ಕದಾಗಿ ತಂದ. ಓದಲಿ ಅಂತ, ಪಾಪ. ನಮ್ಮವರೋ, ಓಲೆಗರಿ ಸೀಳದಿರಲೆಂದು ಅಕ್ಷರವನ್ನು ದುಂಡಗೆ ಮಾಡಿಕೊಂಡರು ಎನ್ನುತ್ತಾರೆ. ದುಂಡಗಿದ್ದದ್ದನ್ನು ಓರೆ ಮಾಡುವುದು ಹೇಗೆ ಸ್ವಾಮಿ? ‘ಲಕ್ಷ್ಮಿ’ ಅಂತ ಹೊಡೆದು ಕಂಟ್ರೋಲ್-ಐ ಒತ್ತಿ ನೋಡಿ. ಮೇಲಿನ ಗುಡಿಸು ಬಲಕ್ಕೆ ವಾಲುತ್ತದೆ, ಕೆಳಗಿನ ಒತ್ತು ಎಡಕ್ಕೆ ಜಾರಿ ಪಕ್ಕದವರ ಕಾಲು ತುಳಿಯುತ್ತದೆ. ಥೇಟ್ ಕೊನೇ ಬಸ್ಸು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ. ಕಾಮಾಕ್ಕೆ ಅಷ್ಟು ರಿಯಾಯಿತಿಯೂ ಇಲ್ಲ.

ಹದಿನಾಲ್ಕು ಪುಟದ ಗ್ರಂಥಋಣದಲ್ಲಿ ಒಂದೊಂದೇ ಕಾಮಾ ಹಿಡಿದು ವಾಲಿಸಿದೆ, ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ. ವಾಲಿದೆಯೋ ಇಲ್ಲವೋ ನನಗೇ ಕಾಣಲಿಲ್ಲ. ಗೈಡಿಗೆ ಕಂಡಿತು. ಸಹಿ ಬಿತ್ತು.

ಈಚೆಗೆ ವೈವಾ ಮುಗಿಸಿ ಪೇಡಾ ತಂದುಕೊಟ್ಟಳು. ಪರೀಕ್ಷಕರು ಗ್ರಂಥಋಣವನ್ನು ಬಾಯ್ತುಂಬ ಹೊಗಳಿದರಂತೆ. ಅವಳು ಹೋದ ಮೇಲೆ ಪೇಡಾ ತಿನ್ನುತ್ತ ಅಂಗಡಿಯಲ್ಲಿ ಉಳಿದಿದ್ದ ಪ್ರತಿ ತಿರುವಿ ಹಾಕಿದೆ. ಮೂರನೇ ಅಧ್ಯಾಯ ಎರಡು ಸಲ ಬೈಂಡಾಗಿದೆ! ತಪ್ಪು ನನ್ನದೇ, ಎಲ್ಲ ಪ್ರತಿಯಲ್ಲೂ ಹಾಗೇ ಹೋಗಿದೆ. ಗೈಡಾಗಲಿ ಪರೀಕ್ಷಕರಾಗಲಿ ಈವರೆಗೆ ತಕರಾರು ತೆಗೆದಿಲ್ಲ. ತೆಗೆಯಲು ಏನಿದೆ, ಎರಡು ಸಲವೂ ಇಟಾಲಿಕ್ಸ್ ಸರಿಯಾಗಿತ್ತಲ್ಲ.